ಜತೆ ವ್ಯಾಪಾರದ ಡೀಡು: ಬಿಡುವ ಮಾತನ್ನೇ ಮೊದಲು ಬರೆಸಿ

ಮೇ ತಿಂಗಳು ಬಂತೆಂದರೆ ಹಾಸನದ ಎಪಿಎಂಸಿ ಯಾರ್ಡಿಗೆ ಜಲಂಧರದಿಂದ ಬಿತ್ತನೆ ಆಲೂಗಡ್ಡೆ ಲಾರಿಗಳು ಬರುತ್ತವೆ. ಅದೇ ಹೊತ್ತಿಗೆ ನನ್ನ ಟೇಬಲ್ಲಿನ ಮುಂದೆ ಭಾವ-ಮೈದುನರೋ, ಒಂದೇ ಊರಿನ ಸ್ನೇಹಿತರೋ ಬಂದು ಕೂರುತ್ತಾರೆ. "ಸಾರ್, ಬ್ಯಾಂಕಿನವರು ಡೀಡು ಕೇಳ್ತಿದ್ದಾರೆ, ನಾಳೆಗೇ ಬೇಕು." ಹೀಗೆ ಅವಸರದಲ್ಲಿ ಬರೆಸಿದ ಡೀಡನ್ನು, ಅಂದರೆ ಪಾಲುದಾರಿಕೆಯ ಕರಾರು ಪತ್ರವನ್ನು, ಹಿಡಿದು ಅದೇ ಜನ ನಾಲ್ಕೈದು ವರ್ಷಕ್ಕೆ ವಕೀಲರ ಹತ್ತಿರ ಓಡಾಡುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

1. ಯಾರು ಪಾಲುದಾರ, ಯಾರು ಅಲ್ಲ

ಲಾಭದಲ್ಲಿ ಇಷ್ಟು ಅಂತ ಕೊಟ್ಟ ಮಾತ್ರಕ್ಕೆ ಯಾರೂ ಪಾಲುದಾರರಾಗುವುದಿಲ್ಲ. ಸಕಲೇಶಪುರದ ಕಡೆ ಮೆಣಸಿನ ಗೋದಾಮು ನೋಡಿಕೊಳ್ಳುವ ಹುಡುಗನಿಗೆ ಸಂಬಳದ ಜೊತೆ ಲಾಭದಲ್ಲೂ ಸ್ವಲ್ಪ ಕೊಟ್ಟರೆ, ಅವನು ನೌಕರನೇ. ಕಮಿಷನ್ ಪಡೆದು ನಿಮ್ಮ ಸರಕು ಮಾರಿಕೊಡುವ ದಲ್ಲಾಳಿ ಏಜೆಂಟ್. ಕೊಟ್ಟ ಅಧಿಕಾರದೊಳಗೆ ಅವನು ಮಾಡಿದ ವ್ಯವಹಾರಕ್ಕೆ ನೀವು ಬದ್ಧರು, ಆದರೆ ನಿಮ್ಮ ಸಾಲಕ್ಕೆ ಅವನ ಮನೆ ಹೋಗುವುದಿಲ್ಲ.

ಪಾಲುದಾರನದು ಹಾಗಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯಲ್ಲಿ ಅವನು ಫರ್ಮಿನ (ಪಾಲುದಾರರು ಸೇರಿ ನಡೆಸುವ ಸಂಸ್ಥೆಯ) ಏಜೆಂಟೂ ಹೌದು, ಫರ್ಮಿನ ಇಡೀ ಸಾಲಕ್ಕೆ ಹೊಣೆಗಾರನೂ ಹೌದು. ಶೇ 10 ಪಾಲಿನವನಿಂದಲೇ ಸಾಲ ಕೊಟ್ಟವರು ಪೂರ್ತಿ ಬಾಕಿ ವಸೂಲು ಮಾಡಬಹುದು. "ದುಡ್ಡು ಹಾಕ್ತೀನಿ, ನನ್ನ ಹೆಸರು ಸುಮ್ನೆ ಇರ್ಲಿ" ಎನ್ನುವ ಭಾವನಿಗೆ ಈ ಮಾತು ಹೇಳಿ, ಆಮೇಲೆ ಸಹಿ ಹಾಕಿಸಿ.

2. ಹೆಸರು, ವಿಳಾಸ, ಬಂಡವಾಳ

ಅರ್ಧ ಗಂಟೆಯ ಕೆಲಸ.

3. ಪಾಲು, ಸಂಬಳ, ಬಡ್ಡಿ

ಡೀಡು ಸುಮ್ಮನಿದ್ದರೆ ಕಾಯ್ದೆ ಮಾತಾಡುತ್ತದೆ. ಒಬ್ಬರು 20 ಲಕ್ಷ ಹಾಕಿ ಇನ್ನೊಬ್ಬರು 2 ಲಕ್ಷ ಹಾಕಿದ್ದರೂ ಲಾಭ-ನಷ್ಟ ಸಮಪಾಲು. ಬೆಳಗಿನ ಐದಕ್ಕೇ ಯಾರ್ಡಿಗೆ ಬಂದು ದುಡಿದವನಿಗೂ ಸಂಬಳವಿಲ್ಲ. ಬಂಡವಾಳದ ಮೇಲೆ ಹೆಚ್ಚುವರಿಯಾಗಿ ಕೊಟ್ಟ ಹಣಕ್ಕೆ ವರ್ಷಕ್ಕೆ ಶೇ 6 ಬಡ್ಡಿ, ಅಷ್ಟೆ. ಆದಾಯ ತೆರಿಗೆಯವರೂ ಡೀಡಿನಲ್ಲಿ ಬರೆದಿದ್ದರೆ ಮಾತ್ರ ದುಡಿಯುವ ಪಾಲುದಾರನ ಸಂಬಳವನ್ನು ಮಿತಿಯೊಳಗೆ ಖರ್ಚೆಂದು ಒಪ್ಪುತ್ತಾರೆ. ಬಡ್ಡಿಗೆ ಶೇ 12ರವರೆಗೆ ಅವಕಾಶ.

ಟೈಪಿಂಗ್ ಅಂಗಡಿಯಲ್ಲಿ ಸಿಗುವ, ಖಾಲಿ ಜಾಗ ತುಂಬಿಸುವ ರೆಡಿಮೇಡ್ ಡೀಡನ್ನು ಮುಟ್ಟಲೇಬೇಡಿ. ಹಾಸನದ ಶುಂಠಿ ವ್ಯಾಪಾರಿಗಳ ಡೀಡೊಂದರ ಕೊನೆ ಪುಟದಲ್ಲಿ "ತಂಟೆ ತಕರಾರು ಬಂದಲ್ಲಿ ಪುಣೆ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿರುತ್ತದೆ" ಎಂದಿತ್ತು. ಮೂವರೂ ಅದರ ಕೆಳಗೇ ಸಹಿ ಹಾಕಿದ್ದರು.

4. ಬಿಡುವ ಕಲಮುಗಳು

ಎಲ್ಲರೂ ಎಡವುವುದು ಇಲ್ಲೇ. ಹೊಸ ವ್ಯಾಪಾರದ ದಿನ ಬಿಡುವ ಮಾತು ಅಪಶಕುನ ಅಂತ ಹಿಂಜರಿಯುತ್ತಾರೆ. ನಾನು ಮಾತ್ರ ಡೀಡು ಬರೆಯಲು ಕೂತಾಗ ಈ ಷರತ್ತಿನ ಕಲಮಿನಿಂದಲೇ ಶುರು ಮಾಡುತ್ತೇನೆ.

ಎಷ್ಟು ವರ್ಷ, ಹೇಗೆ ಕೊನೆ ಎಂಬುದನ್ನು ಬರೆಯದಿದ್ದರೆ ಯಾವ ಪಾಲುದಾರ ಬೇಕಾದರೂ ಉಳಿದವರಿಗೆ ಲಿಖಿತ ನೋಟಿಸು ಕೊಟ್ಟು ಇಡೀ ಫರ್ಮನ್ನೇ ಮುಚ್ಚಿಸಬಹುದು. ಆದ್ದರಿಂದ ಒಬ್ಬರು ಬಿಟ್ಟರೂ ಫರ್ಮು ಮುಂದುವರಿಯುತ್ತದೆ, ಬಿಡುವವರು ಆರು ತಿಂಗಳ ನೋಟಿಸು ಕೊಡಬೇಕು, ಲೆಕ್ಕ ಮಾರ್ಚ್ 31ಕ್ಕೇ ಆಗಬೇಕು ಎಂದು ಬರೆಸಿ. ಮಾರ್ಚ್ ಯಾಕೆಂದರೆ, ಮೇ ನಂತರ ಬಿತ್ತನೆ ಗಡ್ಡೆ ರೈತರಿಗೆ ಕಡಕ್ಕೆ ಹೋಗಿರುತ್ತದೆ, ಬೆಳೆ ಬಂದ ಮೇಲೇ ದುಡ್ಡು. ಆ ನಡುವೆ ಪಾಲು ಕೇಳಿದರೆ ಕೊಡುವವರಿಗೂ ಕಷ್ಟ, ಪಡೆಯುವವರಿಗೂ ನಷ್ಟ. ದಾಸ್ತಾನಿಗೆ ಯಾವ ದರ, ಬಾರದ ಬಾಕಿ ಯಾರ ಪಾಲಿಗೆ, ದುಡ್ಡು ಎಷ್ಟು ಕಂತಿನಲ್ಲಿ, ಇಷ್ಟೂ ಅದೇ ಕಲಮಿನಲ್ಲಿರಲಿ.

ಸಾವಿನ ಕಲಮಿನ ತಪ್ಪು ಇನ್ನೂ ದೊಡ್ಡದು. "ಒಬ್ಬರು ತೀರಿಕೊಂಡಲ್ಲಿ ವಾರಸುದಾರರು ಪಾಲುದಾರರಾಗಿ ಮುಂದುವರಿಯತಕ್ಕದ್ದು" ಎಂಬ ಸಾಲು ಇಬ್ಬರೇ ಇರುವ ಫರ್ಮಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಬ್ಬರು ಹೋದರೆ ಉಳಿಯುವುದು ಒಬ್ಬರೇ, ಒಬ್ಬರಿಂದ ಪಾಲುದಾರಿಕೆ ಆಗದು, ಫರ್ಮು ಅಲ್ಲಿಗೆ ವಿಸರ್ಜನೆ. ಹೊಣೆ ಹೊರಲು ಒಪ್ಪುವ, ಹದಿನೆಂಟು ತುಂಬಿದ ಮೂರನೆಯವರನ್ನು ಮೊದಲೇ ಸೇರಿಸಿಕೊಳ್ಳಿ. ಇಲ್ಲವಾದರೆ ಉಳಿದವರು ಯಾವ ಲೆಕ್ಕದಲ್ಲಿ ತೀರಿಕೊಂಡವರ ಮನೆಯವರಿಗೆ ಹಣ ಕೊಟ್ಟು ವ್ಯಾಪಾರ ಇಟ್ಟುಕೊಳ್ಳಬೇಕು ಎಂದು ಬರೆಸಿ.

ಇನ್ನು ನಿವೃತ್ತಿ. ಆಲೂರು ಕಡೆಯ ಹಿರಿಯರೊಬ್ಬರು ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಮುಂದೆ ಬಿಡಿಸಿದರು. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಪಂಚಾಯ್ತಿ ಕೂತು ಲೆಕ್ಕ ಚುಕ್ತಾ ಆದ ಕಾಗದ, ಐದು ಜನರ ಸಹಿ. "ನಾನು ಬಿಟ್ಟು ಎರಡು ವರ್ಷ ಆಯ್ತು ಸಾರ್, ಈಗ ನಂಗ್ಯಾಕೆ ನೋಟಿಸು?" ಬೀಜ ಕೊಟ್ಟ ವ್ಯಾಪಾರಿಗೆ ಅವರು ಪಾಲುದಾರರೆಂದು ಗೊತ್ತಿತ್ತು, ಬಿಟ್ಟಿದ್ದು ಗೊತ್ತಿರಲಿಲ್ಲ. ಸಾರ್ವಜನಿಕ ಪ್ರಕಟಣೆ ಕೊಡುವವರೆಗೂ ಇಂಥವರ ಮುಂದೆ ಹೊಣೆ ತಪ್ಪುವುದಿಲ್ಲ. ಪಂಚಾಯ್ತಿ ಕಾಗದ ಅವರನ್ನು ಕಾಯಲಿಲ್ಲ.

ನೋಂದಾಯಿತ ಫರ್ಮಾದರೆ ಮೂರೂ ಕಡೆ ಆಗಬೇಕು: ಫರ್ಮುಗಳ ರಿಜಿಸ್ಟ್ರಾರರಿಗೆ ನೋಟಿಸು, ರಾಜ್ಯಪತ್ರದಲ್ಲಿ ಪ್ರಕಟಣೆ, ಜಿಲ್ಲೆಯಲ್ಲಿ ಓಡುವ ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ. ಬಿಡುವ ಮೊದಲಿನ ಸಾಲ ಪ್ರಕಟಣೆಯಿಂದಲೂ ಹೋಗುವುದಿಲ್ಲ. ಬ್ಯಾಂಕು ನಿಮ್ಮನ್ನು ಬಿಡುಗಡೆ ಮಾಡಿದ ಪತ್ರ ಕೈಗೆ ಬರದೆ ಎದ್ದು ಬರಬೇಡಿ.

5. ಸಾಲ, ಚೆಕ್ಕು, ದಿವಾಳಿ

ದೊಡ್ಡ ಸಾಲಕ್ಕೆ ಇಬ್ಬರ ಸಹಿ ಎಂದು ಬರೆಸಿದರೆ ಸಾಲದು. ಆ ಕಟ್ಟುಪಾಡು ಗೊತ್ತಿಲ್ಲದ ಹೊರಗಿನವರಿಗೆ ಅದು ಅಂಟುವುದಿಲ್ಲ. ಬ್ಯಾಂಕಿಗೆ, ಕಾಯಂ ಸರಕು ಕೊಡುವವರಿಗೆ ಪತ್ರ ಬರೆದು ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ಕೋರ್ಟು ಒಬ್ಬ ಪಾಲುದಾರನನ್ನು ದಿವಾಳಿ ಎಂದು ಘೋಷಿಸಿದ ದಿನವೇ ಅವನ ಪಾಲುದಾರಿಕೆ ಮುಗಿಯಿತು. ಡೀಡಿನಲ್ಲಿ ಬೇರೆ ಮಾತಿಲ್ಲದಿದ್ದರೆ ಫರ್ಮೂ ಮುಗಿಯಿತು. ಉಳಿದವರು ಮುಂದುವರಿಸಬಹುದು ಎಂದು ಒಂದು ಸಾಲು ಸೇರಿಸಿ.

6. ನೋಂದಣಿ

ನೋಟರಿ ಸೀಲು ನೋಂದಣಿಯಲ್ಲ. ಫರ್ಮಿನ ನೋಂದಣಿ ಆಗುವುದು ಜಿಲ್ಲಾ ನೋಂದಣಾಧಿಕಾರಿಗಳ ಬಳಿ, ಎಲ್ಲ ಪಾಲುದಾರರೂ ಸಹಿ ಮಾಡಿದ ಅರ್ಜಿಯಿಂದ. ಕಡ್ಡಾಯವಲ್ಲ ಅಂತ ಬಿಡುವವರೇ ಹೆಚ್ಚು. ಅರಸೀಕೆರೆಯಿಂದ ಹೊರರಾಜ್ಯಕ್ಕೆ ಕೊಬ್ಬರಿ ಲೋಡು ಕಳಿಸಿದ್ದೀರಿ, ಕೊಂಡವನು ದುಡ್ಡು ಕೊಡಲಿಲ್ಲ ಎನ್ನಿ. ನೋಂದಣಿಯಿಲ್ಲದ ಫರ್ಮು ಅವನ ಮೇಲೆ ವಸೂಲಿ ದಾವೆ ಹೂಡುವಂತಿಲ್ಲ. ಆದರೆ ಅವನು ನಿಮ್ಮ ಮೇಲೆ ಹೂಡಬಹುದು. ದಾವೆ ಹಾಕಿದ ಮೇಲೆ ನೋಂದಣಿ ಮಾಡಿಸಿದರೂ ಆ ದಾವೆ ಉಳಿಯುವುದಿಲ್ಲ. ಪಾಲುದಾರರು ಡೀಡಿನ ಹಕ್ಕಿಗಾಗಿ ಒಬ್ಬರ ಮೇಲೊಬ್ಬರು ಹೋಗಲೂ ಆಗದು. ವಿಸರ್ಜನೆ ಮತ್ತು ಲೆಕ್ಕ ಕೇಳುವ ದಾರಿ ಮಾತ್ರ ತೆರೆದಿರುತ್ತದೆ.

ಹೊಸಬರು ಸೇರಿದರೆ ಅವರ ಹೆಸರು ಫರ್ಮುಗಳ ರಿಜಿಸ್ಟರಿಗೆ ಏರಬೇಕು. ದಾವೆಯ ದಿನ ಕೋರ್ಟು ನೋಡುವುದು ಆ ಪುಸ್ತಕವನ್ನೇ. ಬದಲಾವಣೆ ಆದ ವಾರದೊಳಗೇ ಅರ್ಜಿ ಕೊಟ್ಟು, ಹೆಸರು ಏರಿದ ದೃಢೀಕೃತ ನಕಲು ಕೈಗೆ ಬಂದ ಮೇಲೆ ಮೂಲ ಡೀಡಿನ ಜೊತೆಗೇ ಹೊಲಿದಿಡಿ.