ಕೈಪಿಡಿಯನ್ನು ತಂತ್ರಾಂಶದ ಜೊತೆಗೇ ಕೊಟ್ಟ ನನ್ನ ಅನುಭವ

ಮಲೆನಾಡಿನ ಕೆಲವು ಅಡಿಕೆ ಮಂಡಿಗಳಿಗೂ ಸಹಕಾರ ಸಂಘಗಳಿಗೂ ನಾನು ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುತ್ತೇನೆ. ಅದರ ಕೈಪಿಡಿಯನ್ನು ಇನ್‌ಸ್ಟಾಲರ್‌ನ ಒಳಗೇ ಇಡುತ್ತೇನೆಂದಾಗ, ಈ ಕಾಲದಲ್ಲಿ ಅದೆಲ್ಲ ಜಾಲತಾಣದಲ್ಲಿರಬೇಕು, ತಿದ್ದುವುದೂ ಸುಲಭ ಎಂದು ಜೊತೆಗಾರರು ನಕ್ಕಿದ್ದರು. ಈಗ ಅವರಲ್ಲೇ ಕೆಲವರು ನನ್ನ ಬಿಲ್ಡ್ ಸ್ಕ್ರಿಪ್ಟ್ (ತಂತ್ರಾಂಶವನ್ನೂ ಕೈಪಿಡಿಯನ್ನೂ ಒಟ್ಟಿಗೆ ಸಿದ್ಧಪಡಿಸುವ ಆದೇಶಗಳ ಕಡತ) ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಜಾಲತಾಣವನ್ನೂ ನಾನು ನಡೆಸಿ ನೋಡಿದವನೇ. ಸರ್ವರ್ ಬಾಡಿಗೆ ವರ್ಷಕ್ಕೆ ನಾಲ್ಕೈದು ಸಾವಿರ ರೂಪಾಯಿ, ಅದು ದೊಡ್ಡದಲ್ಲ. ಆದರೆ ಮಾರ್ಚ್ ಲೆಕ್ಕ ಮುಗಿಯುವವರೆಗೆ ಯಾವ ಮಂಡಿಯೂ ಹೊಸ ಆವೃತ್ತಿಗೆ ಕೈಹಾಕುವುದಿಲ್ಲವಾದ್ದರಿಂದ, ತಾಣದಲ್ಲಿ ಹೊಸ ಪರದೆಯ ವಿವರಣೆಯೂ ಗುಮಾಸ್ತರ ಮುಂದೆ ಹಳೆಯ ಪರದೆಯೂ ಇರುತ್ತಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಈ ಗೊಂದಲ ಮಿತಿಮೀರಿ, ಫೋನಿಗೆ ಉತ್ತರಿಸುವುದಕ್ಕೆಂದೇ ತಿಂಗಳಿಗೆ ಸುಮಾರು ಹನ್ನೆರಡು ಸಾವಿರ ಕೊಟ್ಟು ಹುಡುಗನೊಬ್ಬನನ್ನು ಇಟ್ಟುಕೊಳ್ಳಬೇಕಾಯಿತು. ಆವೃತ್ತಿವಾರು ಪುಟಗಳನ್ನು ಬೇರ್ಪಡಿಸಿಟ್ಟರೂ ಗೂಗಲ್‌ನಿಂದ ಬರುವವರು ಯಾವುದೋ ಒಂದಕ್ಕೆ ಬಂದಿಳಿಯುತ್ತಿದ್ದರು. ಇನ್ನು ಆಷಾಢದ ಮಳೆಯಲ್ಲಿ ಇಂಟರ್ನೆಟ್ಟೇ ಇರುತ್ತಿರಲಿಲ್ಲ.

ಜೊತೆಗಿಡುವುದೂ ಸಲೀಸಾಗಿರಲಿಲ್ಲ. ಸಿಎಚ್‌ಎಂ ಎಂಬ ವಿಂಡೋಸ್‌ನ ಹಳೆಯ ಬಗೆಯ ಸಹಾಯ-ಕಡತವನ್ನು 2005ರ ಭದ್ರತಾ ಪರಿಷ್ಕರಣೆಯ ನಂತರ ವಿಂಡೋಸ್ ನೆಟ್‌ವರ್ಕ್ ಫೋಲ್ಡರ್‌ನಿಂದ ತೆರೆಯಗೊಡುವುದಿಲ್ಲ, ನಮ್ಮ ಸಂಘಗಳಲ್ಲೋ ಎಲ್ಲವೂ ಒಂದೇ ಹಂಚಿಕೆಯ ಫೋಲ್ಡರ್‌ನಲ್ಲಿರುತ್ತದೆ. ಮೇಲಾಗಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜ್ (ಯುನಿಕೋಡ್‌ಗೆ ಮುಂಚಿನ ಅಕ್ಷರಸಂಕೇತ ಪಟ್ಟಿ) ಇಲ್ಲದ ಕಾರಣ ಅದರ ಪರಿವಿಡಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತಿತ್ತು. ಸರಳ ಪಠ್ಯವನ್ನು ಜಾಲಪುಟಗಳನ್ನಾಗಿಸುವ ಎಂಕೆಡಾಕ್ಸ್‌ಗೆ ಬಂದಾಗ, ಪುಟದ ವಿಳಾಸವನ್ನು ಫೋಲ್ಡರ್‌ನಂತೆ ಬರೆಯುವ ಡೈರೆಕ್ಟರಿ ಯುಆರ್‌ಎಲ್ ಆಯ್ಕೆಯನ್ನು ಆಫ್ ಮಾಡಿದ ಮೇಲೆ ಪುಟಗಳು ಡಿಸ್ಕಿನಿಂದಲೇ ತೆರೆದವು, ಆದರೆ ಹುಡುಕಾಟ ಸತ್ತೇ ಇತ್ತು, ಏಕೆಂದರೆ ಡಿಸ್ಕಿನಿಂದ ತೆರೆದ ಪುಟಕ್ಕೆ ಜೇಸನ್ ಎಂಬ ದತ್ತಾಂಶ ರೂಪದಲ್ಲಿರುವ ಪದಸೂಚಿಯನ್ನು ಓದಲು ಕ್ರೋಮ್ ಬಿಡುವುದಿಲ್ಲ. ಇಂಥದೇ ಇನ್ನೊಂದು ಸಾಧನವಾದ ಸ್ಫಿಂಕ್ಸ್ ಮಾಡುವಂತೆ ಸೂಚಿಯನ್ನೇ ಜಾವಾಸ್ಕ್ರಿಪ್ಟ್ ಕಡತವಾಗಿಸಿದೆ. ಆಗಲೂ ಕನ್ನಡ ಪದಗಳು ಸಿಗಲಿಲ್ಲ: ಎಂಕೆಡಾಕ್ಸ್ ಬಳಸುವ ಹುಡುಕಾಟದ ಕೋಡ್ ಆದ ಲೂನರ್‌ನಲ್ಲಿ, ಪದಗಳ ತುದಿ ಸವರುವ ಮೂಲ ಟ್ರಿಮ್ಮರ್ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲದ್ದನ್ನು ಪದದ ಎರಡೂ ತುದಿಗಳಿಂದ ಕತ್ತರಿಸುತ್ತದೆಯಾದ್ದರಿಂದ, ಇಡೀ ಕನ್ನಡ ಪದವೇ ಮಾಯವಾಗುತ್ತಿತ್ತು. ಅದನ್ನು ಕಿತ್ತುಹಾಕಿ ನನ್ನದೇ ಹುಡುಕಾಟ ಬರೆದೆ. 'ಪಾವತಿ' ಎಂದರೆ 'ಪಾವತಿಯನ್ನು', 'ಪಾವತಿಗೆ' ಎರಡೂ ಸಿಗುವಂತೆ ಪದದ ಮೊದಲ ಭಾಗವನ್ನಷ್ಟೇ ಹೊಂದಿಸಿದರೆ ಸಾಕು, ನೂರು ಸಾಲೂ ಬೇಡ. ಇದರಲ್ಲಿ ನನಗೆ ಸ್ವಲ್ಪ ಹೆಮ್ಮೆಯಿದೆ.

ಈಗ ಕೈಪಿಡಿ ಮತ್ತು ಕೋಡ್ ಎರಡೂ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಒಂದೇ ಗಿಟ್ ಭಂಡಾರದಲ್ಲಿದ್ದು ಒಂದೇ ಟ್ಯಾಗ್‌ನಿಂದ, ಅಂದರೆ ಆವೃತ್ತಿಯ ಗುರುತಿನಿಂದ, ಬಿಲ್ಡ್ ಆಗುತ್ತವೆ, ಎಫ್1 ಒತ್ತಿದರೆ ಆ ಪರದೆಯ ಪುಟವೇ ತೆರೆಯುತ್ತದೆ. ಪರದೆಗೆ ಪುಟವಿಲ್ಲದಿದ್ದರೆ ಬಿಲ್ಡ್ ನಿಲ್ಲುತ್ತದೆ. ಅದನ್ನು ಪತ್ತೆಹಚ್ಚುವ ಬಗೆ ಸದ್ಯಕ್ಕೆ ನನ್ನ ಬಳಿಯೇ ಇರಲಿ. ಚಿತ್ರಗಳಿಂದ ತೊಂಬತ್ತು ಎಂಬಿಯಷ್ಟು ಊದಿದ್ದ ಕೈಪಿಡಿ, ಆ ಪಿಎನ್‌ಜಿ ಚಿತ್ರಗಳನ್ನು 256 ಬಣ್ಣಗಳಿಗೆ ಇಳಿಸಿದ ಮೇಲೆ ಇಪ್ಪತ್ತರ ಆಸುಪಾಸಿಗೆ ಬಂತು. ನಡುವೆ ಒಮ್ಮೆ ಮುದ್ರಿಸಿಯೂ ಕೊಟ್ಟಿದ್ದೆ, ಪ್ರತಿಗೆ ಇನ್ನೂರು ರೂಪಾಯಿಯ ಹತ್ತಿರ ಬಿತ್ತು. ಹಿರಿಯ ಗುಮಾಸ್ತರು ಈಗಲೂ ಅದನ್ನೇ ಕೇಳುತ್ತಾರೆ, ದುಡ್ಡು ತೆಗೆದುಕೊಂಡೇ ಕೊಡುತ್ತೇನೆ.

ಫೋನ್ ಕರೆಗಳು ಮೂರರಲ್ಲೊಂದು ಪಾಲಿಗೆ ಇಳಿದಿರಬಹುದು, ಆ ಹುಡುಗ ಈಗ ಪರೀಕ್ಷಣೆಯ ಕೆಲಸ ನೋಡುತ್ತಾನೆ. ಜಾಲತಾಣವನ್ನು ಮುಚ್ಚಿಲ್ಲ: ಬಿಡುಗಡೆಯಾದ ಮೇಲೆ ತೆರಿಗೆ ದರ ಬದಲಾದರೆ ಅದರ ಸೂಚನೆ ಮತ್ತು ಕೈಪಿಡಿಯ ತಿದ್ದುಪಡಿಗಳು, ಇವಿಷ್ಟೇ ಅಲ್ಲಿರುತ್ತವೆ, ಪ್ರತಿಯೊಂದರ ಮೇಲೂ ಅದು ಯಾವ ಆವೃತ್ತಿಗೆ ಅನ್ವಯಿಸುತ್ತದೆಂದು ಬರೆದಿರುತ್ತದೆ.