ಹಳೇ ಕಾರಿಗೆ ಹೊಸ ಸೈಲೆನ್ಸರ್: ಕಟಕಟ ಸದ್ದು ನಿಂತಿದ್ದು ಹೀಗೆ

ಹೊಸ ಸೈಲೆನ್ಸರ್ ಕೂರಿಸೋದಕ್ಕಿಂತ ಹಳೇದನ್ನು ಬಿಚ್ಚೋದೇ ದೊಡ್ಡ ಕೆಲಸ. ಫ್ಲ್ಯಾಂಜಿನ (ಎರಡು ಪೈಪುಗಳನ್ನು ಬೋಲ್ಟು ಹಾಕಿ ಜೋಡಿಸುವ ಚಪ್ಪಟೆ ಅಂಚು) ನಟ್ಟುಗಳು ತುಕ್ಕು ಹಿಡಿದು ಬೋಲ್ಟಿನ ಜೊತೆ ಒಂದಾಗಿಬಿಟ್ಟಿದ್ದವು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟೆ. ಬಿಚ್ಚುವ ಮೊದಲು ಒಂಚೂರು ಬಿಗಿ ಮಾಡುವ ದಿಕ್ಕಿಗೇ ತಿರುಗಿಸಿದರೆ ತುಕ್ಕಿನ ಹಿಡಿತ ಒಡೆಯುತ್ತೆ. ಆಮೇಲೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಹಠ ಮಾಡಿದ ಒಂದನ್ನು ಕೊಯ್ದೇ ತೆಗೆದೆ. ಪೈಪನ್ನು ಕಾರಿನ ಕೆಳಗೆ ತೂಗುಹಾಕುವ ರಬ್ಬರ್ ಹ್ಯಾಂಗರ್ ಜಾರಿಸಲು ಸೋಪು ನೀರು ಸಾಕು. (ಕಾರಿನ ಕೆಳಗೆ ನುಗ್ಗುವವರು ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.)

ಕೂರಿಸಿ ಸ್ಟಾರ್ಟ್ ಮಾಡಿದರೆ ಹಿಂದೆ ಕಟಕಟ, ಮುಂದಿನ ಜೋಡಣೆಯಲ್ಲಿ ಟಿಕ್ ಟಿಕ್.

ಕಟಕಟ ಬರುತ್ತಿದ್ದದ್ದು ಪೈಪು ಹೀಟ್ ಶೀಲ್ಡಿಗೆ (ಬಿಸಿ ತಡೆಯುವ ತಗಡು) ತಾಗಿ. ಪೈಪು ಹಿಡಿದಿಡುವ ಎಲ್ಲ ಕ್ಲಾಂಪ್ ಸಡಿಲಿಸಿ, ಪೈಪನ್ನು ಹ್ಯಾಂಗರ್‌ಗಳ ಮೇಲೆ ತೂಗಲು ಬಿಟ್ಟು, ಸುತ್ತಲೂ ಬೆರಳು ತೂರುವಷ್ಟು ಜಾಗ ಮಾಡಿ, ಇಂಜಿನ್ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿ ಮಾಡಿದೆ. ಬಿಸಿಯಾದ ಪೈಪು ಹಿಗ್ಗುತ್ತೆ, ಇಂಜಿನ್ನೂ ಅಲುಗುತ್ತೆ; ತಣ್ಣಗಿರುವಾಗ ಕೂದಲೆಳೆಯಷ್ಟು ಅಂತರ ಇದ್ದರೆ ಸಾಲದು.

ಟಿಕ್ ಟಿಕ್ ಅಂದರೆ ಗ್ಯಾಸ್ಕೆಟ್ (ಜೋಡಣೆಯ ಸಂದು ಮುಚ್ಚುವ ಪಟ್ಟಿ) ಸೋರಿಕೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಬಯಲಲ್ಲೇ, ಜೋಡಣೆಗೆ ಸೋಪು ನೀರು ಚಿಮುಕಿಸಿದರೆ ಗುಳ್ಳೆ ಎದ್ದು ಜಾಗ ತೋರಿಸಿತು. ಫ್ಲ್ಯಾಂಜಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಹೊಸ ಗ್ಯಾಸ್ಕೆಟ್ ಹಾಕಿದೆ. ಇದನ್ನು ಅಸಡ್ಡೆ ಮಾಡಬಾರದು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ, ಅಂದರೆ ಇಂಜಿನ್ ಕಡೆಗೆ, ಸೋರಿದರೆ ಹೊರಗಿನ ಗಾಳಿ ಒಳಸೇರುತ್ತೆ. ಪೆಟ್ರೋಲ್ ಕಮ್ಮಿ ಆಯಿತೆಂದುಕೊಂಡು ಇಂಜಿನ್ನಿನ ಕಂಪ್ಯೂಟರ್ ಸುಮ್ಮನೆ ಜಾಸ್ತಿ ಸುರಿಯುತ್ತೆ. ಮೇಲಾಗಿ ಸೋರುವ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಒಂದು ಸುತ್ತು ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಕ್ಲಾಂಪ್‌ಗಳಿಗೆ ಮತ್ತೆ ಸ್ಪ್ಯಾನರ್ ಹಾಕಿದೆ. ಎಲ್ಲವೂ ಇನ್ನಷ್ಟು ಬಿಗಿ ತಗೊಂಡವು.