ಕಣ್ಣು ಸರಿದ ಎರಡು ಸೆಕೆಂಡು: ಮಲೆನಾಡಿನ ಬೈಕ್ ಸವಾರರಿಗೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಮಂಡಗದ್ದೆಯಲ್ಲಿ ತುಂಗೆ ರಸ್ತೆಯ ಮಗ್ಗುಲಿಗೇ ಬರುತ್ತಾಳೆ. ಮಳೆಗಾಲದಲ್ಲಿ ಅಲ್ಲಿನ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಕೆಲವು ವರ್ಷಗಳ ಹಿಂದೆ ಅವುಗಳನ್ನು ನೋಡಲೆಂದು ನಾನು ಬೈಕ್ ನಿಲ್ಲಿಸದೆ ತಲೆಯನ್ನಷ್ಟೇ ಹೊರಳಿಸಿದ್ದೆ. ಮತ್ತೆ ಮುಂದೆ ನೋಡುವಷ್ಟರಲ್ಲಿ, ಎದುರಿಗೆ ಹೋಗುತ್ತಿದ್ದ ಪಿಕಪ್ ವಾಹನ ದನವೊಂದು ಅಡ್ಡ ಬಂದದ್ದರಿಂದ ನಿಂತುಬಿಟ್ಟಿತ್ತು. ಗಾಬರಿಯಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಜಾರಿ ಇಬ್ಬರೂ ಬಿದ್ದೆವು. ಹಿಂದೆ ಕುಳಿತಿದ್ದ ನನ್ನ ತಮ್ಮನ ಮೊಣಕೈ ಮುರಿಯಿತು. ಆ ಕೈಯನ್ನು ಅವನು ಇಂದಿಗೂ ಪೂರ್ತಿ ಚಾಚಲಾರ. ನಾನು ಕಲಿತದ್ದನ್ನು ಬೇರೆಯವರು ಬೀಳದೆಯೇ ಕಲಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎರಡು ಸೆಕೆಂಡು ಕಣ್ಣು ಬೇರೆಡೆ ಇದ್ದರೆ 33 ಮೀಟರ್, ಅಂದರೆ 9 ಅಡಿಗೊಂದರಂತೆ ನೆಟ್ಟ ಅಡಿಕೆ ಸಾಲಿನಲ್ಲಿ ಹನ್ನೆರಡು ಮರಗಳಷ್ಟು ದೂರವನ್ನು ನಾವು ಕುರುಡರಾಗಿ ದಾಟಿರುತ್ತೇವೆ. ಅಪಾಯವನ್ನು ಕಂಡು ಕೈ ಬ್ರೇಕಿಗೆ ಹೋಗಲು ಇನ್ನೊಂದು ಸೆಕೆಂಡು ಬೇಕು, ಆಮೇಲೆ ಬೈಕ್ ನಿಲ್ಲುವುದಕ್ಕೆ ಬೇಕಾದ ದೂರ ಬೇರೆ. ದರಗು ಕೊಳೆತು ಪಾಚಿ ಹಿಡಿದ ಒದ್ದೆ ರಸ್ತೆಯಲ್ಲಿ ಆ ದೂರ ಮತ್ತಷ್ಟು ಹೆಚ್ಚುತ್ತದೆ.

ಗಮನ ಕದಡುವ ಕೆಲಸಗಳಲ್ಲಿ ಹೆಚ್ಚಿನವನ್ನು ಹೊರಡುವ ಮೊದಲೇ ಮುಗಿಸಿಬಿಡಬಹುದು. ರೇನ್‌ಕೋಟಿನ ತುದಿ ಗಾಳಿಗೆ ಬಡಿದುಕೊಳ್ಳದಂತೆ ಸಿಕ್ಕಿಸಬೇಕು, ಚೀಲವನ್ನು ಹ್ಯಾಂಡಲಿಗೆ ತೂಗುಹಾಕದೆ ಹಿಂದೆ ಬಿಗಿಯಬೇಕು, ಹೆಲ್ಮೆಟ್ಟಿನ ಗಾಜನ್ನು ಒರೆಸಬೇಕು, ಕನ್ನಡಿಗಳನ್ನು ನಿಂತಲ್ಲೇ ಸರಿಮಾಡಿಕೊಳ್ಳಬೇಕು. ಮೊಬೈಲನ್ನು ಸದ್ದಡಗಿಸಿ ಚೀಲದೊಳಗೆ ಇಡುವುದೇ ಮೇಲು. ಹೊಸನಗರ, ಆಗುಂಬೆಯ ಕಡೆ ಕಾಡಿನ ನಡುವೆ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಹ್ಯಾಂಡಲಿನ ಮೇಲಿಟ್ಟ ನಕ್ಷೆ ನಿಂತುಹೋದಾಗ ಸವಾರನ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ದಾರಿಯ ಮುಖ್ಯ ತಿರುವುಗಳನ್ನು ಮೊದಲೇ ನೆನಪಿಟ್ಟುಕೊಂಡು, ಸಂಶಯ ಬಂದಲ್ಲಿ ನಿಲ್ಲಿಸಿ ಯಾರನ್ನಾದರೂ ಕೇಳುವುದು ಒಳ್ಳೆಯದು. ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಮೊಬೈಲ್ ಸಿಕ್ಕಿಸಿ ಮಾತನಾಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ವಾಹನ ಓಡಿಸುತ್ತ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಕೈ ಬಿಡುವಾಗುತ್ತದೆಯೇ ಹೊರತು ಮನಸ್ಸು ಬಿಡುವಾಗುವುದಿಲ್ಲ.

ಘಾಟಿಗಿಂತಲೂ ನಾನು ಹೆಚ್ಚು ಹೆದರುವುದು ದಿನವೂ ಓಡಾಡುವ ರಸ್ತೆಗೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹೊಸಬನೂ ಎಚ್ಚರವಾಗಿರುತ್ತಾನೆ. ಆದರೆ ಮನೆಯಿಂದ ಪೇಟೆಗೆ ಹೋಗುವ ಆರೇಳು ಕಿಲೋಮೀಟರಿನಲ್ಲಿ ಕಣ್ಣು ರಸ್ತೆಯ ಮೇಲಿದ್ದರೂ ಮನಸ್ಸು ಸೊಸೈಟಿಯ ಸಾಲದ ಮೇಲೋ ತೋಟದ ಕೊಳೆರೋಗದ ಮೇಲೋ ಇರುತ್ತದೆ. ಕಂಡದ್ದನ್ನು ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳುವುದು ಇದಕ್ಕೆ ನಾನು ಕಂಡುಕೊಂಡ ಉಪಾಯ: ‘ಎಡಕ್ಕೆ ದಣಪೆ ತೆರೆದಿದೆ, ದನ ಬರಬಹುದು’, ‘ಬಸ್ಸು ನಿಂತಿದೆ, ಮುಂದಿನಿಂದ ಮಕ್ಕಳು ದಾಟಬಹುದು’. ಮೊದಮೊದಲು ಸಂಕೋಚವಾದರೂ, ಹೀಗೆ ಹೇಳಿಕೊಳ್ಳುತ್ತಿರುವವನ ಮನಸ್ಸು ಬೇರೆ ಕಡೆ ಹೋಗುವುದು ಕಡಿಮೆ.

ಘಾಟಿಯಲ್ಲಿ ವೇಗ ಕಡಿಮೆ ಎಂಬ ಧೈರ್ಯವೂ ಸಲ್ಲದು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲೂ ಬೈಕ್ ಒಂದು ಸೆಕೆಂಡಿಗೆ 7 ಮೀಟರ್ ಹೋಗುತ್ತದೆ. ಕಡಿದಾದ ತಿರುವಿನಲ್ಲಿ ಎದುರಿನಿಂದ ಬರುವವರ ಪಕ್ಕಕ್ಕೆ ನುಗ್ಗಲು ಅಷ್ಟೇ ಸಾಕು. ಸವಾರನ ಕಣ್ಣು ನೆಟ್ಟ ಕಡೆಗೇ ಬೈಕ್ ವಾಲುತ್ತದೆ ಎಂಬುದನ್ನೂ ಮರೆಯಬಾರದು. ಕಣಿವೆಯನ್ನೋ ಎದುರು ಬಂದ ಬಸ್ಸನ್ನೋ ದಿಟ್ಟಿಸಿದರೆ ಕೈ ಅತ್ತಲೇ ಎಳೆಯುತ್ತದೆ. ಗಮನ ತಪ್ಪಿತ್ತೆಂದು ಅರಿವಾದ ಕ್ಷಣ ಆಕ್ಸಿಲರೇಟರ್ ಬಿಟ್ಟು, ಹೋಗಬೇಕಾದ ದಾರಿಯತ್ತ ನೋಟವನ್ನು ತಿರುಗಿಸಿ, ಆಮೇಲೆ ಎರಡೂ ಬ್ರೇಕುಗಳನ್ನು ಹದವಾಗಿ ಒತ್ತಬೇಕು. ಬೈಕ್ ವಾಲಿರುವಾಗ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಚಕ್ರ ಜಾರುತ್ತದೆ.

ಹೆಲ್ಮೆಟ್ಟಿನೊಳಗೆ ಹುಳ ಹೊಕ್ಕಾಗ ಅಥವಾ ಕಾಲಿಗೆ ಉಂಬಳ ಹತ್ತಿದ್ದು ತಿಳಿದಾಗ ಕೈ ತಾನಾಗಿಯೇ ಹ್ಯಾಂಡಲ್ ಬಿಡುತ್ತದೆ. ಉಂಬಳ ಹೀರುವ ರಕ್ತದಿಂದ ಯಾರೂ ಸಾಯುವುದಿಲ್ಲ. ಅದನ್ನು ಕೀಳಲು ಬಗ್ಗಿದರೆ ಜೀವಕ್ಕೇ ಅಪಾಯ. ಎರಡೂ ಕೈಗಳಿಂದ ಹ್ಯಾಂಡಲನ್ನು ಹಿಡಿದೇ ವೇಗ ಇಳಿಸಿ, ಕನ್ನಡಿ ನೋಡಿ, ಎಡಕ್ಕೆ ಸರಿದು ನಿಲ್ಲಿಸಬೇಕು. ಹಿಂದೆ ಕೂರುವವರಿಗೂ ಮೊದಲೇ ಒಂದು ಮಾತು ಹೇಳಿರಬೇಕು: ಏನನ್ನಾದರೂ ತೋರಿಸಬೇಕೆನಿಸಿದರೆ ‘ಅಲ್ಲಿ ನೋಡು’ ಎನ್ನದೆ ಎಡ ಭುಜವನ್ನು ಒಮ್ಮೆ ತಟ್ಟಲಿ, ಜಾಗ ಸಿಕ್ಕಲ್ಲಿ ನಿಲ್ಲಿಸೋಣ ಎಂದು.

ಮಲೆನಾಡನ್ನು ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಖಂಡಿತ ನೋಡಿ, ನಿಲ್ಲಿಸಿ ನೋಡಿ. ತಿರುವಿನಲ್ಲಿ, ಸೇತುವೆಯ ಮೇಲೆ ನಿಲ್ಲಿಸದೆ, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವಂತಹ ನೇರ, ಅಗಲವಾದ ಜಾಗವನ್ನು ಆರಿಸಿಕೊಳ್ಳಿ. ಮಳೆಗಾಲದಲ್ಲಿ ರಸ್ತೆಯಂಚಿನ ಮಣ್ಣು ಮೆತ್ತಗಿರುವುದರಿಂದ ಸೈಡ್ ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಕಲ್ಲೊಂದನ್ನು ಇಡಿ. ಹೊರಡುವಾಗ ಮೊಬೈಲ್ ಚೀಲ ಸೇರಿದೆಯೇ, ಹೆಲ್ಮೆಟ್ಟಿನ ಪಟ್ಟಿ ಬಿಗಿದಿದೆಯೇ ಎಂದು ನೋಡಿಕೊಂಡು, ಹಿಂದಿರುಗಿ ನೋಡಿ ರಸ್ತೆಗೆ ಇಳಿಯಿರಿ. ಬಯಲಿನ ಬೆಳಕನ್ನು ಕಂಡ ಕಣ್ಣಿಗೆ ಮರಗಳ ಕೆಳಗಿನ ಕತ್ತಲು ಹೊಂದಲು ಕೊಂಚ ಹೊತ್ತು ಬೇಕಾಗುವುದರಿಂದ, ಮೊದಲ ಒಂದೆರಡು ತಿರುವುಗಳನ್ನು ನಿಧಾನವಾಗಿಯೇ ದಾಟಿ.